ಕೇಳಿದ್ದು, ಹೇಳಿದ್ದು: ಹೊಗೆ ಲೆಕ್ಕ ಕೇಳೋರಿಗೆ

ಕಂಪನಿಗಳು ಬಿಡೋ ಹೊಗೆ, ಅದನ್ನ ಅಳೆಯೋ ಸಾಫ್ಟ್‌ವೇರು, ಸ್ಯಾಟಲೈಟು, ಇದ್ರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಲ ಹೇಳಿದ್ದೆ. ಇಷ್ಟು ಪತ್ರ ಬರ್ತವೆ ಅಂದ್ಕೊಂಡಿರ್ಲಿಲ್ಲ. ಸುಮಾರು ಜನ ಹೆಸರು ಹಾಕ್ಬೇಡಿ ಅಂದಿದ್ರಿಂದ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಮೈಸೂರಿನಿಂದ: ನಾನು ಬ್ಯಾಂಕಿನಿಂದ ರಿಟೈರ್ ಆದವನು, ನಾಲ್ಕೈದು ಕಂಪನಿಗಳ ಶೇರ್ ಇದೆ. ವರ್ಷ ವರ್ಷ ಆನ್ಯುಯಲ್ ರಿಪೋರ್ಟ್ ಮೇಲ್‌ಗೆ ಬರುತ್ತೆ, ಮುಖಪುಟದಲ್ಲಿ ಹಸಿರು ಎಲೆ, ಒಳಗೆ ‘ಕಾರ್ಬನ್ ಶೇ 20ರಷ್ಟು ಇಳಿಸಿದ್ದೇವೆ’ ಅಂತ ದಪ್ಪಕ್ಷರ. ನಂಬಬಹುದಾ? ನಮ್ಮಂಥೋರು ಚೆಕ್ ಮಾಡೋಕೆ ದಾರಿ ಇದೆಯಾ?

ಇದೆ ಸರ್, ಅದೂ ಖರ್ಚಿಲ್ದೆ. ಎಲೆ ಇರೋ ಪುಟಗಳನ್ನ ಬಿಟ್ಬಿಡಿ. ಅದೇ ಪಿಡಿಎಫ್‌ನಲ್ಲಿ ‘ಬಿಆರ್‌ಎಸ್‌ಆರ್’ ಅಂತ ಹುಡುಕಿ. ಶೇರ್ ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿ 2021ರಲ್ಲಿ ತಂದ ಫಾರ್ಮ್ಯಾಟ್ ಇದು, ಪರಿಸರ, ಸಮಾಜದ ವಿಷಯದಲ್ಲಿ ಕಂಪನಿ ಏನು ಮಾಡ್ತು ಅನ್ನೋ ರಿಪೋರ್ಟು, 2022-23ರಿಂದ ಮಾರ್ಕೆಟ್ ಬೆಲೆಯಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳು ಇದನ್ನ ತುಂಬ್ಲೇಬೇಕು. ಅದ್ರಲ್ಲಿ ಒಂಬತ್ತು ಪ್ರಿನ್ಸಿಪಲ್ ಇರುತ್ವೆ, ಪರಿಸರದ್ದು ಆರನೇದು. ಅಲ್ಲಿ ಒಂದು ಟೇಬಲ್ ಸಿಗುತ್ತೆ, ಸ್ಕೋಪ್ 1 ಇಷ್ಟು ಟನ್, ಸ್ಕೋಪ್ 2 ಇಷ್ಟು ಟನ್, ಈ ವರ್ಷದ್ದೂ ಹೋದ ವರ್ಷದ್ದೂ ಪಕ್ಕಪಕ್ಕ. ಸ್ಕೋಪ್ 1 ಅಂದ್ರೆ ಕಂಪನಿ ತಾನೇ ಸುಟ್ಟಿದ್ದು: ಬಾಯ್ಲರ್, ಫರ್ನೇಸ್, ಜನರೇಟರಿನ ಡೀಸೆಲ್, ಸ್ವಂತ ಗಾಡಿಗಳು. ಸ್ಕೋಪ್ 2 ಅಂದ್ರೆ ಕೊಂಡ ಕರೆಂಟು, ಹೊಗೆ ಇವರ ಕಾಂಪೌಂಡಿನಲ್ಲಿ ಏಳ್ಲಿಲ್ಲ, ಎಲ್ಲೋ ಪವರ್ ಪ್ಲಾಂಟ್‌ನಲ್ಲಿ ಎದ್ದಿದೆ, ಆದ್ರೆ ಇವರಿಗೋಸ್ಕರ ಎದ್ದಿದ್ದು. ಅಂದಾಜಿಗೆ ಹೇಳೋದಾದ್ರೆ ಸಾವಿರ ಲೀಟರ್ ಡೀಸೆಲ್ ಸುಟ್ರೆ ಹೆಚ್ಚುಕಮ್ಮಿ 2.7 ಟನ್ ಕಾರ್ಬನ್ ಡೈಆಕ್ಸೈಡ್, ನಮ್ಮ ದೇಶದ ಗ್ರಿಡ್‌ನಿಂದ ಸಾವಿರ ಯೂನಿಟ್ ಎಳೆದ್ರೆ 0.7 ಟನ್‌ಗಿಂತ ಸ್ವಲ್ಪ ಮೇಲೆ.

ಈಗ ಆ ಶೇ 20ಕ್ಕೆ ಬನ್ನಿ. ನೀವು ಬ್ಯಾಂಕಿನವರು, ನಿಮಗೆ ಇದು ತಕ್ಷಣ ಹೊಳೆಯುತ್ತೆ. ಒಂದು ಕಂಪನಿ ವಹಿವಾಟು 1000 ಕೋಟಿ, ಹೊಗೆ 50,000 ಟನ್ ಅಂತ ಇಟ್ಕೊಳ್ಳಿ. ಮುಂದೆ ವಹಿವಾಟು 1500 ಕೋಟಿ ಆಯ್ತು, ಹೊಗೆ 60,000 ಟನ್ ಆಯ್ತು. ಕೋಟಿಗೆ 50 ಟನ್ ಇದ್ದಿದ್ದು 40ಕ್ಕೆ ಇಳೀತು, ಅಂದ್ರೆ ಶೇ 20 ಕಮ್ಮಿ, ಬ್ಯಾನರ್ ರೆಡಿ! ಆದ್ರೆ ಆಕಾಶಕ್ಕೆ ಹೋಗಿದ್ದು ಶೇ 20 ಜಾಸ್ತಿ. ಎರಡೂ ಸುಳ್ಳಲ್ಲ, ಅದೇ ತಮಾಷೆ. ವಹಿವಾಟಿಗೆ ಭಾಗಿಸಿದ ಲೆಕ್ಕವನ್ನ ಇಂಟೆನ್ಸಿಟಿ ಅಂತಾರೆ, ಬಿಆರ್‌ಎಸ್‌ಆರ್‌ನಲ್ಲಿ ಅದೂ ಇರುತ್ತೆ, ಒಟ್ಟು ಟನ್ನೂ ಇರುತ್ತೆ, ಮುಖಪುಟಕ್ಕೆ ಯಾವುದು ಏರುತ್ತೆ ಅನ್ನೋದು ಮಾತ್ರ ಕಂಪನಿ ಇಷ್ಟ. ಬೆಲೆ ಏರಿದ್ರೂ ವಹಿವಾಟು ಏರುತ್ತಲ್ಲ, ಏನೂ ಮಾಡ್ದೆ ಸುಮ್ನೆ ಕೂತ್ರೂ ಇಂಟೆನ್ಸಿಟಿ ಇಳಿಯುತ್ತೆ.

ಇನ್ನೊಂದು, ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತೆ, ಇದನ್ನ ಹೊರಗಿನ ಏಜೆನ್ಸಿ ಯಾರಾದ್ರೂ ಪರಿಶೀಲಿಸಿದ್ದಾರಾ, ಹೌದಾದ್ರೆ ಯಾರು ಅಂತ. ಆ ಸಾಲು ಓದಿ. ಆಮೇಲೆ ಸ್ಕೋಪ್ 3 ಹುಡುಕಿ, ಅಂದ್ರೆ ಮಿಕ್ಕಿದ್ದೆಲ್ಲ: ಕಚ್ಚಾ ಮಾಲು ತಯಾರಾಗುವಾಗಿನ ಹೊಗೆ, ಲಾರಿ, ಹಡಗು, ಕೊನೆಗೆ ಗಿರಾಕಿ ಆ ಮಾಲನ್ನ ಬಳಸುವಾಗ ಆಗೋದು. ಸಿಗದೇ ಇರಬಹುದು, ಯಾಕಂದ್ರೆ ಆ ಫಾರ್ಮ್ಯಾಟ್‌ನಲ್ಲಿ ಸ್ಕೋಪ್ 3 ‘ಲೀಡರ್‌ಶಿಪ್ ಇಂಡಿಕೇಟರ್’ ಅನ್ನೋ ಐಚ್ಛಿಕ ಭಾಗದಲ್ಲಿದೆ. ಪೆಟ್ರೋಲ್ ಮಾರೋ ಕಂಪನಿಗೆ ತನ್ನ ಆಫೀಸಿನ ಎಸಿ ಲೆಕ್ಕ ಕಡ್ಡಾಯ, ಮಾರಿದ ಪೆಟ್ರೋಲು ಉರಿದ ಲೆಕ್ಕ ಐಚ್ಛಿಕ. ನನಗಂತೂ ಇದು ಸರಿ ಅನ್ಸಲ್ಲ.

ಟೆಕ್ನಾಲಜಿ ಇಲ್ಲಿ ಮಾಡಿರೋ ಉಪಕಾರ ಸಣ್ಣದಲ್ಲ. ಈ ರಿಪೋರ್ಟನ್ನ ಎಕ್ಸ್‌ಬಿಆರ್‌ಎಲ್ ಅನ್ನೋ ರೂಪದಲ್ಲಿ ಶೇರ್ ಪೇಟೆಗಳಾದ ಎನ್‌ಎಸ್‌ಇ, ಬಿಎಸ್‌ಇಗೆ ಕೊಡ್ಬೇಕು, ಅಂದ್ರೆ ಪ್ರತಿ ಅಂಕಿಗೂ ಒಂದು ಗುರುತಿನ ಚೀಟಿ ಅಂಟಿರುತ್ತೆ, ಕಂಪ್ಯೂಟರ್ ಓದುತ್ತೆ. ಕಾಲೇಜು ಹುಡುಗರು ಮನಸ್ಸು ಮಾಡಿದ್ರೆ ಐವತ್ತು ಸಿಮೆಂಟ್ ಕಂಪನಿ ಪಕ್ಕಪಕ್ಕ ಇಟ್ಟು ನೋಡ್ಬೋದು. ಮೊದಲೆಲ್ಲ ಇದು ಹೊಳಪು ಕಾಗದದಲ್ಲಿ ಅಚ್ಚಾಗಿ ಕಪಾಟು ಸೇರ್ತಿತ್ತು.

ಬೆಳಗಾವಿಯಿಂದ: ನಮಸ್ಕಾರ್ರಿ. ನಮ್ದು ಉದ್ಯಮಬಾಗ್‌ನ್ಯಾಗ ಸಣ್ಣ ಫೌಂಡ್ರಿ ಐತಿ. ಜರ್ಮನಿ ಪಾರ್ಟಿ ಒಂದು ದೊಡ್ಡ ಎಕ್ಸೆಲ್ ಶೀಟ್ ಕಳಿಸ್ಯಾರ, ಸಿಬ್ಯಾಮ್ ಅಂತ, ಕಾರ್ಬನ್ ಎಷ್ಟು ತುಂಬಿ ಕಳಸ್ರಿ ಅಂತಾರ. ಒಬ್ಬ ಕನ್ಸಲ್ಟಂಟ್ ಬಂದು ಸಾಫ್ಟ್‌ವೇರ್ ತಗೋರಿ, ಇಲ್ಲಾಂದ್ರ ಎಕ್ಸ್‌ಪೋರ್ಟ್ ಬಂದ್ ಅಂತ ಹೆದರಿಸ್ಯಾನ. ಏನ್ ಮಾಡೂದ್ರಿ?

ಅಣ್ಣಾವ್ರೆ, ಮೊದಲು ಕನ್ಸಲ್ಟಂಟ್‌ಗೆ ಚಹಾ ಕುಡಿಸಿ ಕಳಿಸಿ, ಆಮೇಲೆ ನಿಮ್ಮ ಶಿಪ್ಪಿಂಗ್ ಬಿಲ್ ತೆಗೆದು ಮಾಲು ಯಾವ ಬಗೆ ಅಂತ ಹೇಳೋ ಎಚ್‌ಎಸ್ ಕೋಡ್ ನೋಡಿ. ಸಿಬ್ಯಾಮ್ ಅಂದ್ರೆ ಯುರೋಪಿನ ಗಡಿಯಲ್ಲಿ ಕಟ್ಟಿಸ್ಕೊಳ್ಳೋ ಕಾರ್ಬನ್ ಸುಂಕ. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಕೊಡೋ ಹಂತ ಇತ್ತು, 2026ರ ಜನವರಿಯಿಂದ ದುಡ್ಡಿನ ಹಂತ. ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ಕರೆಂಟು ಅದ್ರ ಪಟ್ಟಿಯಲ್ಲಿವೆ. ಹಾಗಂತ ಕಬ್ಬಿಣದ್ದೆಲ್ಲ ಬರಲ್ಲ. ಪೈಪ್ ಫಿಟಿಂಗ್ 7307, ಬೋಲ್ಟು ನಟ್ಟು 7318, ಇತರೆ ಸಾಮಾನು 7326 ಇವು ಬರ್ತವೆ. ನಿಮ್ಮ ಮಾಲು ಗಾಡಿ ಪಾರ್ಟ್ಸ್ ಅಂತ 87ನೇ ಚಾಪ್ಟರ್‌ನಲ್ಲಿ ಹೋಗ್ತಿದ್ರೆ ಅದು ಶುರುವಿನ ಪಟ್ಟಿಯಲ್ಲಿ ಇರ್ಲೇ ಇಲ್ಲ. ಪಟ್ಟಿ ದೊಡ್ಡದು ಮಾಡೋ ಮಾತು ಅಲ್ಲಿ ನಡೀತಾನೇ ಇರುತ್ತೆ, ಹಾಗಾಗಿ ಆರ್ಡರ್ ಬಂದಾಗೆಲ್ಲ ಒಮ್ಮೆ ನೋಡ್ಕೊಳ್ಳಿ. 2025ರಲ್ಲಿ ಇನ್ನೊಂದು ಸಡಿಲಿಕೆ ಮಾಡಿದ್ರು, ಅಲ್ಲಿ ಕೊಳ್ಳೋ ಪಾರ್ಟಿ ವರ್ಷಕ್ಕೆ ಇಂಥ ಮಾಲು ಎಲ್ಲಾ ಸೇರಿ 50 ಟನ್‌ಗಿಂತ ಕಮ್ಮಿ ತರಿಸಿದ್ರೆ ಅವರಿಗೆ ಈ ತಾಪತ್ರಯ ಇಲ್ಲ. ಆದ್ರೆ ಅದು ನಿಮ್ಮ ಟನ್ನಲ್ಲ, ಅವರು ಎಲ್ಲಾ ಕಡೆಯಿಂದ ತರಿಸೋ ಟನ್ನು, ಅದನ್ನ ಮರೀಬೇಡಿ.

ಕೋಡ್ ಪಟ್ಟಿಯಲ್ಲಿದೆ ಅಂತಾನೇ ಆಯ್ತು. ಆಗ ಬೇಕಾಗಿದ್ದು ಸಾಫ್ಟ್‌ವೇರ್ ಅಲ್ಲ, ಒಂದು ರಿಜಿಸ್ಟರು. ನಿಮ್ದು ಇಂಡಕ್ಷನ್ ಫರ್ನೇಸ್ ಇರಬೇಕು, ಒಂದು ಟನ್ ಕರಗಿಸೋಕೆ ಸುಮಾರು 600 ಯೂನಿಟ್ ಎಳೆಯುತ್ತೆ, ಗ್ರಿಡ್ ಲೆಕ್ಕದಲ್ಲಿ 430 ಕೆಜಿ ಕಾರ್ಬನ್ ಡೈಆಕ್ಸೈಡ್. ಕೇಳಿದ್ರೆ ಗಾಬರಿ ಆಗುತ್ತೆ, ಆದ್ರೆ ಕಬ್ಬಿಣ-ಉಕ್ಕಿಗೆ ಸಿಬ್ಯಾಮ್ ದುಡ್ಡು ಹಾಕೋದು ನೇರ ಹೊಗೆ ಮೇಲೆ, ಕರೆಂಟಿನ ಹೊಗೆ ಮೇಲೆ ಅಲ್ಲ. ಕರಗಿದ ಲೋಹ ಹಿಡಿಯೋ ಲ್ಯಾಡಲ್ ಕಾಯಿಸೋ ಗ್ಯಾಸು, ಡೀಸೆಲ್ಲು, ಇಂಥವು ನಿಮ್ಮ ನೇರ ಲೆಕ್ಕ, ಅದು ಚಿಕ್ಕದೇ. ಪೆಟ್ಟು ಬೀಳೋದು ಒಳಗೆ ಹಾಕೋ ಮಾಲಿನಲ್ಲಿ. ಸ್ಕ್ರ್ಯಾಪ್ ಹಾಕಿದ್ರೆ ಅದ್ರ ಹಿಂದಿನ ಕಾರ್ಬನ್ ಸೊನ್ನೆ ಅಂತ ಹಿಡೀತಾರೆ. ಪಿಗ್ ಐರನ್, ಅಂದ್ರೆ ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ, ಹಾಕಿದ್ರೆ ಬ್ಲಾಸ್ಟ್ ಫರ್ನೇಸಿನಲ್ಲಿ ಕೋಕ್ ಸುಟ್ಟ ಹೊಗೆಯೆಲ್ಲ ಅದ್ರ ಬೆನ್ನಿಗೆ ಅಂಟ್ಕೊಂಡು ನಿಮ್ಮ ಶೀಟಿಗೆ ಬರುತ್ತೆ. ಅದಕ್ಕೆ ಚಾರ್ಜ್ ಶೀಟ್, ಅದೇ ಫರ್ನೇಸ್ ಆಪರೇಟರ್ ಹೀಟ್‌ಗೊಂದು ಬರೆಯೋ ಪುಸ್ತಕ, ಸ್ಕ್ರ್ಯಾಪ್ ಇಷ್ಟು ಪಿಗ್ ಇಷ್ಟು ಅಂತ, ಅದನ್ನ ಜೋಪಾನವಾಗಿ ಇಡ್ಸಿ. ಮಸಿ ಕೈಯಿಂದ ಬರೆದ ಆ ಪುಸ್ತಕವೇ ನಿಮ್ಮ ದಾಖಲೆ. ಪಿಗ್ ಐರನ್ ಕೊಡೋರ ಹತ್ರ ಅವರ ಅಂಕಿ ಕೇಳಿ ಬರಹದಲ್ಲಿ ತಗೊಳ್ಳಿ. ನಿಮ್ಮದೇ ಅಂಕಿ ಇಲ್ಲ ಅಂದ್ರೆ ಯುರೋಪಿನವರು ತಮ್ಮ ಡಿಫಾಲ್ಟ್ ಅಂಕಿ ಹಾಕ್ತಾರೆ, ಆ ಡಿಫಾಲ್ಟನ್ನ ಬೇಕಂತಲೇ ಬಿಗಿಯಾಗಿ ಇಟ್ಟಿರ್ತಾರೆ, ನಷ್ಟ ನಿಮಗೆ.

ನ್ಯಾಯ ಅನ್ಯಾಯದ ಪ್ರಶ್ನೆ ಬೇರೆ. ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟೋರು ಈಗ ಉದ್ಯಮಬಾಗ್‌ನ ಶೆಡ್ಡಿಗೆ ಎಕ್ಸೆಲ್ ಶೀಟ್ ಕಳ್ಸೋದು ನೋಡಿದ್ರೆ ನನಗೂ ಸಿಟ್ಟು ಬರುತ್ತೆ. ಆದ್ರೆ ಸಿಟ್ಟಿನಿಂದ ಶೀಟ್ ತುಂಬಲ್ಲ.

ದಾವಣಗೆರೆಯಿಂದ: ಹಳೇ ಈಮೇಲ್ ಡಿಲೀಟ್ ಮಾಡಿದ್ರೆ ಭೂಮಿ ತಾಪ ಕಮ್ಮಿ ಆಗುತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ, ನಿಜನಾ?

ಇನ್‌ಬಾಕ್ಸ್ ಚೊಕ್ಕ ಆಗುತ್ತೆ, ಅಷ್ಟೇ. ‘ಕಾರ್ಬನ್ ಫುಟ್‌ಪ್ರಿಂಟ್’ ಅಂದ್ರೆ ಒಬ್ಬೊಬ್ಬರಿಂದ ಏಳೋ ಹೊಗೆ ಲೆಕ್ಕ, ಆ ಮಾತನ್ನ ಮನೆಮನೆಗೆ ಮುಟ್ಟಿಸಿದ್ರಲ್ಲಿ ದೊಡ್ಡ ಪಾಲು ಯಾರದ್ದು ಗೊತ್ತಾ, ಬಿಪಿ ಅನ್ನೋ ಎಣ್ಣೆ ಕಂಪನಿದು. 2004ರ ಸುಮಾರಿಗೆ ವೆಬ್‌ಸೈಟಲ್ಲಿ ಕ್ಯಾಲ್ಕ್ಯುಲೇಟರ್ ಇಟ್ಟು ನಿಮ್ಮ ನಿಮ್ಮ ಲೆಕ್ಕ ಹಾಕ್ಕೊಳ್ಳಿ ಅಂದ್ರು. ಎಣ್ಣೆ ತೆಗೆದು ಮಾರೋರು ಗಿರಾಕಿ ಕೈಗೆ ಕ್ಯಾಲ್ಕ್ಯುಲೇಟರ್ ಕೊಟ್ರು. ನೀವು ಮೆಸೇಜ್ ಫಾರ್ವರ್ಡ್ ಮಾಡ್ದೇ ಇದ್ರೆ ಸಾಕು.

ಬೆಂಗಳೂರಿನಿಂದ: ನಾನು ಒಂದು ಐಟಿ ಕಂಪನಿಯಲ್ಲಿ ಕ್ಲೈಂಟ್‌ಗೆ ಕಾರ್ಬನ್ ಡ್ಯಾಶ್‌ಬೋರ್ಡ್ ಮಾಡ್ತಿದೀನಿ. ಅರ್ಧಕ್ಕರ್ಧ ಸಪ್ಲೈಯರ್‌ಗಳ ಡೇಟಾ ಇಲ್ಲ. ಖಾಲಿ ಇದ್ದಲ್ಲಿ ಇಂಡಸ್ಟ್ರಿ ಆವರೇಜ್ ತುಂಬಿ, ಸ್ಕ್ರೀನ್ ಮೇಲೆ ಎಲ್ಲಾ ಒಂದೇ ಥರ ಕಾಣ್ಲಿ ಅಂತಾರೆ. ರಾತ್ರಿ ನಿದ್ದೆ ಬರ್ತಿಲ್ಲ, ನಾನು ತಪ್ಪು ಮಾಡ್ತಿದೀನಾ?

ಆವರೇಜ್ ತುಂಬೋದು ತಪ್ಪಲ್ಲ ತಾಯಿ, ಎಲ್ಲರೂ ಮಾಡ್ತಾರೆ, ಲೆಕ್ಕದ ನಿಯಮ ಮಾಡಿರೋ ಜಿಎಚ್‌ಜಿ ಪ್ರೋಟೋಕಾಲ್‌ನಲ್ಲೇ ಅದಕ್ಕೆ ಅವಕಾಶ ಇದೆ. ಒಂದೇ ಥರ ಕಾಣ್ಲಿ ಅಂದಿದ್ದು ತಪ್ಪು. ಅಳೆದಿದ್ದು ಯಾವುದು, ಅಂದಾಜು ಯಾವುದು ಅಂತ ಬಣ್ಣ ಬೇರೆ ಮಾಡಿ ತೋರಿಸೋಕೆ ಎರಡು ದಿನದ ಕೆಲಸ, ಅದನ್ನ ಬೇಡ ಅಂದ್ರೆ ಅದು ಡಿಸೈನ್ ಪ್ರಶ್ನೆ ಅಲ್ಲ. ನೀವು ಕನಿಷ್ಠ ಮೇಲ್‌ನಲ್ಲಿ ಬರೆದು ಕೇಳಿ, ಬಾಯಿಮಾತಲ್ಲಿ ಬೇಡ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ, ನಿಮ್ಮ ಕೋಡ್‌ನಲ್ಲೂ ಇರಬಹುದು, ಸ್ಪೆಂಡ್-ಬೇಸ್ಡ್ ಲೆಕ್ಕ ಅಂತ. ಸಪ್ಲೈಯರ್ ಏನೂ ಹೇಳ್ದೇ ಇದ್ದಾಗ ಅವರಿಗೆ ಎಷ್ಟು ದುಡ್ಡು ಕೊಟ್ವಿ ಅಂತ ನೋಡಿ, ರೂಪಾಯಿಗೆ ಇಷ್ಟು ಗ್ರಾಂ ಅಂತ ಗುಣಿಸ್ತಾರೆ. ಆಗೇನಾಗುತ್ತೆ ನೋಡಿ. ಅದೇ ಫ್ಯಾಕ್ಟರಿ, ಅದೇ ಬಾಯ್ಲರು, ಅದೇ ಸಾವಿರ ಶರ್ಟು. ಪರ್ಚೇಸ್ ಮ್ಯಾನೇಜರ್ ಚೌಕಾಸಿ ಮಾಡಿ ಐದು ಲಕ್ಷದ ಬಿಲ್ಲನ್ನ ನಾಲ್ಕು ಲಕ್ಷಕ್ಕೆ ಇಳಿಸಿದ್ರೆ ಡ್ಯಾಶ್‌ಬೋರ್ಡಲ್ಲಿ ಕಾರ್ಬನ್ ಶೇ 20 ಇಳಿದಿರುತ್ತೆ! ಬಾಯ್ಲರಿಗೆ ಗೊತ್ತೇ ಇಲ್ಲ ಪಾಪ. ಉಲ್ಟಾ, ಒಳ್ಳೆ ಸಪ್ಲೈಯರ್ ಸೋಲಾರ್ ಹಾಕ್ಕೊಂಡು ಐದು ರೂಪಾಯಿ ಜಾಸ್ತಿ ಕೇಳಿದ್ರೆ ನಿಮ್ಮ ಸ್ಕ್ರೀನಲ್ಲಿ ಅವನೇ ಕಳ್ಳ. ಇದನ್ನ ಕ್ಲೈಂಟಿಗೆ ಒಂದು ಉದಾಹರಣೆ ಇಟ್ಟು ತೋರಿಸಿ, ನನ್ನ ಅನುಭವದಲ್ಲಿ ಶರ್ಟಿನ ಉದಾಹರಣೆ ಕೆಲಸ ಮಾಡುತ್ತೆ.

ಲೆಕ್ಕ ಇಡೋದಕ್ಕೂ ಲೆಕ್ಕ ಒಪ್ಪಿಸೋದಕ್ಕೂ ವ್ಯತ್ಯಾಸ ಇದೆಯಲ್ಲ, ನಿಮ್ಮ ಸಾಫ್ಟ್‌ವೇರು ಮೊದಲನೇದನ್ನ ಮಾಡುತ್ತೆ, ಎರಡನೇದು ಮನುಷ್ಯರ ಕೆಲಸ. ಲೆಕ್ಕ ಇಡೋ ಯಂತ್ರಗಳನ್ನ ಜಗತ್ತಿಗೇ ಮಾರೋ ಕಂಪನಿಗಳ ಸ್ವಂತ ಲೆಕ್ಕ ನೋಡಿ. 2030ಕ್ಕೆ ಕಾರ್ಬನ್ ನೆಗೆಟಿವ್ ಆಗ್ತೀವಿ, ಅಂದ್ರೆ ಬಿಡೋದಕ್ಕಿಂತ ಜಾಸ್ತಿ ಕಾರ್ಬನ್ ವಾಪಸ್ ತೆಗೀತೀವಿ ಅಂತ ಮೈಕ್ರೋಸಾಫ್ಟ್ 2020ರಲ್ಲಿ ಹೇಳ್ತು, 2024ರ ರಿಪೋರ್ಟಲ್ಲಿ 2020ಕ್ಕಿಂತ ಶೇ 29 ಜಾಸ್ತಿ ಆಗಿದೆ ಅಂತ ತಾನೇ ಬರೀತು. ಗೂಗಲ್‌ದು 2019ಕ್ಕಿಂತ 2023ರಲ್ಲಿ ಶೇ 48 ಜಾಸ್ತಿ, 1.43 ಕೋಟಿ ಟನ್. ಕಾರಣ ಮುಖ್ಯವಾಗಿ ಡೇಟಾ ಸೆಂಟರು, ಅವುಗಳ ಕರೆಂಟು, ಅವನ್ನ ಕಟ್ಟೋ ಸಿಮೆಂಟು ಉಕ್ಕು. ಮುಚ್ಚಿಡ್ಲಿಲ್ಲ, ಅದು ದೊಡ್ಡ ಮಾತೇ. ಆದ್ರೆ ಹೇಳಿದ್ಮೇಲೆ ಏನಾಯ್ತು? ಏನೂ ಆಗ್ಲಿಲ್ಲ. 2024ರಲ್ಲಿ ಜಗತ್ತಿನ ಕರೆಂಟಿನಲ್ಲಿ ಶೇ 1.5ರಷ್ಟು ಡೇಟಾ ಸೆಂಟರಿಗೆ ಹೋಯ್ತು, 2030ಕ್ಕೆ ಅವು ಎಳೆಯೋ ಕರೆಂಟು ದುಪ್ಪಟ್ಟಿಗೂ ಜಾಸ್ತಿ ಆಗುತ್ತೆ ಅಂತ ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿಯ ಅಂದಾಜು.

ನಿದ್ದೆ ಮಾಡಿ. ಬಣ್ಣ ಬೇರೆ ಮಾಡಿ.

ಸಂಡೂರಿನಿಂದ: ಸ್ಯಾಟಲೈಟಿಂದ ಪ್ರತಿ ಫ್ಯಾಕ್ಟರಿ ಹೊಗೆ ಹಿಡೀಬಹುದಂತೆ. ನಮ್ಮ ಕಡೆ ಚಿಮಣಿಗಳಿಗೂ ಮೀಟರ್ ಹಾಕಿದಾರಂತಲ್ಲ, ಹಂಗಾದ್ರೆ ಇನ್ನು ಯಾರೂ ಸುಳ್ಳು ಹೇಳಂಗಿಲ್ಲ ಅಲ್ವಾ?

ಅಷ್ಟು ಸುಲಭ ಇದ್ದಿದ್ರೆ! ಭೂಮಿ ಬಿಸಿ ಮಾಡೋ ಇನ್ನೊಂದು ಅನಿಲ ಮೀಥೇನ್ ಚೆನ್ನಾಗಿ ಕಾಣುತ್ತೆ. 2017ರಲ್ಲಿ ಯುರೋಪಿನೋರು ಹಾರಿಸಿದ ಸೆಂಟಿನೆಲ್-5ಪಿ ಮೇಲೆ ಟ್ರೊಪೋಮಿ ಅಂತ ಒಂದು ಕಣ್ಣಿದೆ, ದಿನಾ ಇಡೀ ಭೂಮಿ ನೋಡುತ್ತೆ. ಮುಂಬೈ, ದೆಹಲಿ ಕಸದ ಬೆಟ್ಟಗಳಿಂದ ಏಳೋ ಮೀಥೇನನ್ನ ಅದ್ರ ನೆರವಿನಿಂದಲೇ ಗುರುತಿಸಿದ್ರು. ಆದ್ರೆ ಅದ್ರ ಒಂದೊಂದು ಚುಕ್ಕೆ ಸುಮಾರು 5.5 ಕಿಲೋಮೀಟರಿಗೆ 7 ಕಿಲೋಮೀಟರ್, ನಿಮ್ಮೂರು, ಪಕ್ಕದೂರು, ಮಧ್ಯದ ಹೊಲ ಎಲ್ಲಾ ಒಂದೇ ಚುಕ್ಕೆ. ಕಾರ್ಬನ್ ಡೈಆಕ್ಸೈಡ್ ಇನ್ನೂ ಕಷ್ಟ, ಗಾಳಿಯಲ್ಲಿ ಅದು ಮೊದಲೇ ಹತ್ತು ಲಕ್ಷಕ್ಕೆ 420ರಷ್ಟು ಇದೆ, ಒಂದು ಚಿಮಣಿ ಸೇರಿಸೋದು ಅದ್ರ ಮೇಲೆ ಸಣ್ಣ ಉಬ್ಬು, ಗಾಳಿ ಬೀಸಿದ್ರೆ ಅದೂ ಚದುರಿಹೋಗುತ್ತೆ. ಕ್ಲೈಮೇಟ್ ಟ್ರೇಸ್ ಅಂತ ಒಂದು ತಂಡ 2022ರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜಾಗಗಳ ಹೊಗೆ ಲೆಕ್ಕ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿತು. ಅದೂ ನೇರ ಅಳತೆ ಅಲ್ಲ, ಸ್ಯಾಟಲೈಟ್ ಚಿತ್ರಗಳಿಂದ ಪ್ಲಾಂಟ್ ಓಡ್ತಿದೆಯಾ, ಎಷ್ಟು ಓಡ್ತಿದೆ ಅಂತ ಊಹಿಸಿ ಮಾಡೋ ಅಂದಾಜು. ಆದ್ರೂ ಕಂಪನಿ ಹೇಳಿದ್ದನ್ನ ಹೋಲಿಸೋಕೆ ಹೊರಗಿನ ಒಂದು ಅಂಕಿ ಸಿಕ್ತಲ್ಲ, ಅದೇ ದೊಡ್ಡದು. ಹಾ, ಸ್ಯಾಟಲೈಟೂ ಕೈಕೊಡುತ್ತೆ. ಎಣ್ಣೆ-ಗ್ಯಾಸ್ ಬಾವಿಗಳ ಸೋರಿಕೆ ಹಿಡಿಯೋಕಂತಲೇ 2024ರ ಮಾರ್ಚಲ್ಲಿ ಹಾರಿಸಿದ ಮೀಥೇನ್‌ಸ್ಯಾಟ್ 2025ರ ಜೂನಲ್ಲಿ ಸಂಪರ್ಕ ಕಡ್ಕೊಂಡು ಹೋಯ್ತು.

ಚಿಮಣಿ ಮೀಟರ್ ವಿಷಯ. ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ಅದನ್ನ ಹಾಕ್ಲೇಬೇಕು ಅಂತ ಕೇಂದ್ರ ಮಾಲಿನ್ಯ ಮಂಡಳಿ 2014ರಲ್ಲಿ ಹೇಳ್ತು, ಉಕ್ಕು ಸಿಮೆಂಟು ಎರಡೂ ಅದ್ರಲ್ಲಿವೆ, ಅಂಕಿ ನೇರ ಮಂಡಳಿ ಸರ್ವರಿಗೆ ಹೋಗುತ್ತೆ. ಆದ್ರೆ ಅವು ನೋಡೋದು ಮುಖ್ಯವಾಗಿ ಧೂಳು, ಗಂಧಕದ ಡೈಆಕ್ಸೈಡು, ನೈಟ್ರೋಜನ್ ಆಕ್ಸೈಡು, ಅಂದ್ರೆ ನಿಮ್ಮ ಎದೆಗೆ ಹೋಗೋದು, ಹವಾಮಾನ ಕೆಡಿಸೋದಲ್ಲ. ಮತ್ತೆ ಮೀಟರ್ ಇದ್ಮೇಲೆ ಸುಳ್ಳಿಲ್ಲ ಅನ್ನೋರಿಗೆ ಫೋಕ್ಸ್‌ವ್ಯಾಗನ್ ಕಥೆ ಹೇಳ್ಬೇಕು. 2015ರಲ್ಲಿ ಸಿಕ್ಕಿಬಿದ್ರಲ್ಲ, ಕಾರಿನ ಸಾಫ್ಟ್‌ವೇರಿಗೇ ಟೆಸ್ಟ್ ನಡೀತಿರೋದು ಗೊತ್ತಾಗ್ತಿತ್ತು, ಆಗ ಮಾತ್ರ ಸಭ್ಯವಾಗಿ ಹೊಗೆ ಬಿಡ್ತಿತ್ತು, ರಸ್ತೆಗೆ ಇಳಿದ್ರೆ ನೈಟ್ರೋಜನ್ ಆಕ್ಸೈಡು ಮಿತಿಗಿಂತ 40 ಪಟ್ಟಿನವರೆಗೆ, ಅಂಥ ಕಾರು ಜಗತ್ತಲ್ಲಿ 1.1 ಕೋಟಿ. ಇನ್‌ಸ್ಪೆಕ್ಟರ್ ಬಂದಾಗ ಮಾತ್ರ ಕೈಕಟ್ಟಿ ಕೂರೋ ಹುಡುಗರ ಥರ. ಅದನ್ನ ಹಿಡಿದಿದ್ದು ಇನ್ನೊಂದು ಸಾಫ್ಟ್‌ವೇರ್ ಅಲ್ಲ, ಕಾರಿನ ಹಿಂದೆ ಯಂತ್ರ ಕಟ್ಕೊಂಡು ರಸ್ತೇಲಿ ಓಡ್ಸಿ ನೋಡಿದ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯ ತಂಡ.

ಹುಬ್ಬಳ್ಳಿಯಿಂದ: ಲಾ ಓದ್ತಿದೀನಿ. ಕಂಪನಿ ಲೆಕ್ಕ ಕೊಟ್ಟು ಸುಮ್ನಾದ್ರೆ ಕೋರ್ಟು ಏನಾದ್ರೂ ಮಾಡಬಹುದಾ?

ಮಾಡಬಹುದು, ಆದ್ರೆ ದಾರಿ ನೇರ ಇಲ್ಲ. ನೆದರ್ಲೆಂಡ್ಸ್‌ನ ಶೆಲ್ ಅನ್ನೋ ಎಣ್ಣೆ ಕಂಪನಿಯ ಕೇಸ್ ಓದಿ. 2021ರ ಮೇನಲ್ಲಿ ಹೇಗ್‌ನ ಕೋರ್ಟು, 2019ಕ್ಕೆ ಹೋಲಿಸಿ 2030ರೊಳಗೆ ಶೇ 45 ಇಳಿಸಿ ಅಂತ ಕಂಪನಿಗೇ ಹೇಳಿಬಿಡ್ತು. 2024ರ ನವೆಂಬರಲ್ಲಿ ಅಪೀಲ್ ಕೋರ್ಟು ಆ ಶೇ 45ನ್ನ ತೆಗೆದುಹಾಕ್ತು, ಹೊಗೆ ಇಳಿಸೋ ಹೊಣೆ ಶೆಲ್ ಮೇಲಿದೆ ಅನ್ನೋದನ್ನ ಮಾತ್ರ ಉಳಿಸ್ತು. ಹೊಣೆ ಇದೆ, ಅಂಕಿ ಇಲ್ಲ. ನಮ್ಮಲ್ಲಿ 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಎರ್ಲಡ್ಡು ಹಕ್ಕಿ, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್ ಕೇಸಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರೋ ಹಕ್ಕು ಸಂವಿಧಾನದಲ್ಲೇ ಇದೆ ಅಂತು, 14 ಮತ್ತು 21ನೇ ವಿಧಿ.

ಆದ್ರೆ ನಿಮಗೆ ನಾಳೆ ಬೆಳಗ್ಗೆಯೇ ಕೈಗೆ ಸಿಗೋದು ಬೇರೆ. 2024ರ ಅಕ್ಟೋಬರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರೀನ್‌ವಾಶಿಂಗ್, ಅಂದ್ರೆ ಸುಳ್ಳು ಹಸಿರು ಪ್ರಚಾರದ ಬಗ್ಗೆ ಮಾರ್ಗಸೂಚಿ ತಂದಿದೆ. ‘ಇಕೋ ಫ್ರೆಂಡ್ಲಿ’, ‘ಕಾರ್ಬನ್ ನ್ಯೂಟ್ರಲ್’ ಅಂತೆಲ್ಲ ಜಾಹೀರಾತಲ್ಲಿ ಹಾಕಿದ್ರೆ ಪುರಾವೆ ಕೊಡ್ಬೇಕು, ವಿವರವನ್ನ ಕ್ಯೂಆರ್ ಕೋಡೋ ಲಿಂಕೋ ಹಾಕಿ ಗಿರಾಕಿಗೆ ಸಿಗೋ ಹಾಗೆ ಇಡ್ಬೇಕು. ಕೋಡ್ ಸ್ಕ್ಯಾನ್ ಮಾಡಿ, ಬರೀ ಹೋಮ್‌ಪೇಜ್ ತೆರ್ಕೊಂಡ್ರೆ ಸ್ಕ್ರೀನ್‌ಶಾಟ್ ತೆಗೆದು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಇಂಟರ್ನ್‌ಶಿಪ್‌ಗಿಂತ ಜಾಸ್ತಿ ಕಲೀತೀರಿ.

ಪಾವಗಡದಿಂದ: ನಮ್ಮ ಹೊಲ ಸೋಲಾರ್ ಪಾರ್ಕಿಗೆ ಲೀಸಿಗೆ ಕೊಟ್ಟಿದೀವಿ. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಒಂದು ಆಫೀಸ್ ಮುಂದೆ ‘ನೂರಕ್ಕೆ ನೂರು ಸೋಲಾರ್’ ಅಂತ ಬೋರ್ಡ್ ನೋಡ್ದೆ. ರಾತ್ರಿ ಹತ್ತು ಗಂಟೆ, ಹನ್ನೆರಡು ಅಂತಸ್ತೂ ಲೈಟು ಉರೀತಿತ್ತು. ರಾತ್ರಿ ಎಲ್ಲಿಂದ ಸ್ವಾಮಿ ಬಿಸಿಲು?

ಯಜಮಾನ್ರೆ, ಬಂದ ಪತ್ರಗಳಲ್ಲೆಲ್ಲ ಇದೇ ಒಳ್ಳೆ ಪ್ರಶ್ನೆ. ಆ ಬೋರ್ಡಿನ ಲೆಕ್ಕ ವರ್ಷದ್ದು. ಆಫೀಸು ವರ್ಷಕ್ಕೆ ಇಷ್ಟು ಲಕ್ಷ ಯೂನಿಟ್ ಉರಿಸ್ತು, ಅಷ್ಟೇ ಲಕ್ಷ ಯೂನಿಟ್ ಎಲ್ಲೋ ಒಂದು ಸೋಲಾರ್ ಪ್ಲಾಂಟಿಂದ ಅವರ ಹೆಸರಲ್ಲಿ ಗ್ರಿಡ್ಡಿಗೆ ಬಂತು, ಇಲ್ಲಾ ಅಷ್ಟು ಹಸಿರು ಕರೆಂಟು ಎಲ್ಲೋ ತಯಾರಾಗಿದೆ ಅನ್ನೋ ಸರ್ಟಿಫಿಕೇಟ್ ಕೊಂಡ್ರು, ಒಂದು ಸರ್ಟಿಫಿಕೇಟ್ ಅಂದ್ರೆ ಸಾವಿರ ಯೂನಿಟ್. ಜಮಾ ಖರ್ಚು ಟ್ಯಾಲಿ. ನೀವು ನೋಡಿದ ರಾತ್ರಿ ಹತ್ತು ಗಂಟೆಯ ಲೈಟು ಮಾತ್ರ ಉರಿದಿದ್ದು ರಾಯಚೂರಿನ ಕಲ್ಲಿದ್ದಲಿಂದಲೋ, ಶರಾವತಿ ನೀರಿಂದಲೋ. ನಿಮ್ಮ ಪಾರ್ಕು 2050 ಮೆಗಾವಾಟ್, 13,000 ಎಕರೆ, ಅಷ್ಟು ದೊಡ್ಡದಾದ್ರೂ ಸೂರ್ಯ ಮುಳುಗಿದ ಮೇಲೆ ಸೊನ್ನೆ, ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಂದ್ಹಾಗೆ ಅದ್ರ ಕರೆಂಟು ಹೆಚ್ಚಾಗಿ ಹೋಗೋದು ನಮ್ಮ ಎಸ್ಕಾಂಗಳಿಗೆ, ಆ ಆಫೀಸಿಗೆ ಅಂತಲ್ಲ.

ಬೋರ್ಡು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ, ದುಡ್ಡು ಕೊಟ್ಟಿದಾರೆ, ಅದ್ರಿಂದ ಎಲ್ಲೋ ಪ್ಯಾನೆಲ್ ಎದ್ದಿದೆ. ಆದ್ರೆ ಗಂಟೆ ಗಂಟೆ ಲೆಕ್ಕ ಹಾಕಿದ್ರೆ ಬೋರ್ಡಿನ ನೂರು ಎಷ್ಟಕ್ಕೆ ಇಳಿಯುತ್ತೋ ಅನ್ನೋದೇ ಕುತೂಹಲ. ಅದಕ್ಕೆ ಹೊಸ ಯಂತ್ರ ಏನೂ ಬೇಡ, ನಮ್ಮ ಗ್ರಿಡ್‌ನಲ್ಲಿ ಈಗ್ಲೇ ಹದಿನೈದು ನಿಮಿಷಕ್ಕೊಂದು ಲೆಕ್ಕ ಬರೀತಾರೆ, ದಿನಕ್ಕೆ 96 ಬ್ಲಾಕು, ದೊಡ್ಡ ಗಿರಾಕಿಗಳ ಮೀಟರಲ್ಲೂ ಹಾಗೆ ಬರೆಯೋಕಾಗುತ್ತೆ. 2030ರೊಳಗೆ ಪ್ರತಿ ಗಂಟೆಯ ಲೆಕ್ಕ ಸರಿದೂಗಿಸ್ತೀವಿ ಅಂತ ಗೂಗಲ್ ಗುರಿ ಇಟ್ಕೊಂಡಿದೆ, ಸಾಧ್ಯ ಅನ್ನೋದಕ್ಕಂತೂ ಅದು ಸಾಕ್ಷಿ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಆ ಬೋರ್ಡಿನ ಒಂದು ಫೋಟೋ ತೆಗೆದು ಕಳ್ಸಿ, ರಾತ್ರಿದೇ ಇರ್ಲಿ, ಲೈಟು ಕಾಣೋ ಹಾಗೆ. ಕಂಪನಿ ಲಿಸ್ಟೆಡ್ ಆಗಿದ್ರೆ ಬಿಆರ್‌ಎಸ್‌ಆರ್‌ನ ಆರನೇ ಪ್ರಿನ್ಸಿಪಲ್ ತೆಗೆದು ನೋಡೋಣ.